ಬೀದರಿನ ಕೆಂಪುಕಲ್ಲಿನ ಗೋಡೆಗೆ ಗಚ್ಚು ತುಂಬುವಾಗ

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಕಲಬುರಗಿಯಿಂದ ರಾಜಧಾನಿ ತಂದು ಬೀದರ ಕೋಟೆ ಕಟ್ಟಿಸಿದ್ದು ಇಲ್ಲಿನದೇ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ. ಮೂರು ಸಾಲಿನ ಕಂದಕ ಕಡಿದದ್ದೂ ಅದೇ ಬಂಡೆಯಲ್ಲಿ. ನಾವು ದುರಸ್ತಿ ಮಾಡುವ ಹಳೇ ಊರಿನ ಮನೆಗಳ ಗೋಡೆಯೂ ಅದೇ. (ಕೋಟೆಯ ಗೋಡೆಗೆ ಕೈ ಹಚ್ಚಬೇಕಾದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕೇ ಬೇಕು.)

ಈ ಕಲ್ಲಿನ ಮೈತುಂಬ ತೂತು, ನೀರು ಕುಡಿಯುತ್ತದೆ. ಕಲ್ಲುಗಳ ನಡುವಿನ ಸಂದಿಗೆ ಸಿಮೆಂಟ್ ಮೆತ್ತಿದರೆ ಕುಡಿದ ನೀರು ಕಲ್ಲಿನ ಮೂಲಕವೇ ಆರಬೇಕು. ಆಗ ನೀರಿನ ಜೊತೆ ಬಂದ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಸಿಮೆಂಟಿನ ಗೆರೆ ಉಬ್ಬಿ ನಿಂತು, ಕಲ್ಲು ಗುಳಿ ಬಿದ್ದ ಗೋಡೆಗಳನ್ನು ಓಣಿ ಓಣಿಯಲ್ಲೂ ನೋಡಬಹುದು. ಸಂದಿ ಕಲ್ಲಿಗಿಂತ ಮೆತ್ತಗೇ ಇರಬೇಕು.

ಅದಕ್ಕೇ ಸಂದಿಗೆ ಗಚ್ಚು, ಅಂದರೆ ಸುಣ್ಣದ ಗಾರೆ, ತುಂಬುತ್ತೇವೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಸೋಸಿ, ಮೇಲೆ ನೀರು ನಿಲ್ಲಿಸಿ ತಿಂಗಳು ಇಡುತ್ತೇವೆ. ಅರಳದ ಕಾಳು ಉಳಿದರೆ ಗೋಡೆಯಲ್ಲಿ ಆಮೇಲೆ ಅರಳಿ ಗಚ್ಚನ್ನು ಸಿಡಿಸುತ್ತದೆ. ಅಳತೆ: ಸುಣ್ಣ 1, ಸುರ್ಕಿ (ಇಟ್ಟಿಗೆ ಪುಡಿ) 1, ತೊಳೆದ ಮರಳು 2. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯೇ ಆಗಬೇಕು. ಸುಟ್ಟು ಕಪ್ಪಾದ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಕೂಡಿ ಬಿಗಿಯುವುದಿಲ್ಲ. ಸುಣ್ಣ-ಮರಳು ಕಲಸಿ ಒದ್ದೆಯಾಗಿಯೇ ಮುಚ್ಚಿಡಬಹುದು. ಸುರ್ಕಿಯನ್ನು ಮಾತ್ರ ಅವತ್ತಿನದು ಅವತ್ತೇ ಸೇರಿಸಿ ಮುಗಿಸಬೇಕು. ಬೆಲ್ಲದ ನೀರು ಚೂರೇ ಸಾಕು. ಹೆಚ್ಚಾದರೆ ಗಚ್ಚು ಬಿಗಿಯಲು ತಡ, ಇರುವೆ ಕಾಟ ಬೇರೆ.

ಸಂದಿಯನ್ನು ಅಗಲದ ಎರಡರಷ್ಟು ಆಳ, ಕಡಿಮೆಯೆಂದರೆ ಒಂದು ಇಂಚು, ಉಳಿಯಿಂದ ಕೆರೆಯಬೇಕು. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ಮೇಲಿನಿಂದ ತೊಳೆದು, ಹಿಂದಿನ ದಿನವೇ ಚೆನ್ನಾಗಿ ತೋಯಿಸಬೇಕು. ಒಣಕಲ್ಲು ಗಚ್ಚಿನ ನೀರನ್ನೆಲ್ಲ ಹೀರಿಬಿಡುತ್ತದೆ. ಆಮೇಲೆ ಅರ್ಧ ಇಂಚಿನ ಪದರಗಳಲ್ಲಿ ಒತ್ತಿ ತುಂಬುವುದು. ಆಳವಾದ ಬಿರುಕಿಗೆ ಅದೇ ಕಲ್ಲಿನ ಚಕ್ಕೆ ಸಿಗಿಸಬೇಕು, ಬರೀ ಗಚ್ಚು ತುಂಬಿದರೆ ಕುಗ್ಗಿ ಸೀಳುತ್ತದೆ. ಕೊನೆಯ ಪದರ ಕಲ್ಲಿನ ಅಂಚಿಗಿಂತ ಕೂದಲೆಳೆ ಒಳಗೇ ನಿಲ್ಲಲಿ. ಬೆರಳೊತ್ತಿದರೆ ಗುರುತು ಬಿದ್ದು ಅಂಟದ ಹೊತ್ತಿಗೆ ಗಟ್ಟಿ ಬ್ರಷ್‌ನಿಂದ ತಟ್ಟಿದರೆ ಸೀಳು ಮುಚ್ಚುತ್ತದೆ.

ಹತ್ತು ದಿನ ಒದ್ದೆ ಗೋಣಿತಟ್ಟು ಹೊದಿಸಲೇಬೇಕು. ಸುಣ್ಣ ಗಾಳಿಯಿಂದ ಗಟ್ಟಿಯಾಗಲು ತೇವ ಬೇಕು. ಬೇಗ ಒಣಗಿದರೆ ಉಗುರಿನಿಂದಲೇ ಉದುರುತ್ತದೆ. ಹಾಗಾಗಿ ಬೀದರಿನ ಬೇಸಿಗೆಯಲ್ಲಿ ಈ ಕೆಲಸ ಬೇಡ. ದೀಪಾವಳಿಯಿಂದ ಶಿವರಾತ್ರಿ ತನಕ ಒಳ್ಳೆಯ ಕಾಲ. ಗೋಡೆಯ ನೆತ್ತಿಗೆ ಇಳಿಜಾರಾಗಿ ಗಚ್ಚು ಹಾಕಿ ಮಳೆನೀರು ಹೊರಗೆ ಬೀಳುವಂತೆ ಮಾಡುವುದು ಸಂದಿ ತುಂಬುವ ಮೊದಲೇ ಆಗಿರಬೇಕು.