1:200ರಲ್ಲಿ ಐಎನ್‌ಎಸ್ ರಜಪೂತ್: ಕರಾವಳಿ ಹವೆಯಲ್ಲೂ ಕೆಡದ ಡೆಸ್ಟ್ರಾಯರ್ ಮಾದರಿ

ಸ್ವಾತಂತ್ರ್ಯದ ಬೆನ್ನಿಗೇ ಭಾರತಕ್ಕೆ ಬಂದ ಮೂರು ಡೆಸ್ಟ್ರಾಯರ್‌ಗಳು ರಜಪೂತ್, ರಾಣಾ ಮತ್ತು ರಣಜಿತ್. ಮೂರೂ ಎರಡನೇ ಮಹಾಯುದ್ಧದಲ್ಲಿ ದುಡಿದ ಬ್ರಿಟಿಷ್ ‘ಆರ್’ ವರ್ಗದ ಹಡಗುಗಳು. ರಜಪೂತ್‌ನ ಮೊದಲ ಹೆಸರು ಎಚ್‌ಎಂಎಸ್ ರೊದರ್‌ಹ್ಯಾಮ್. ಕ್ಲೈಡ್‌ಬ್ಯಾಂಕಿನ ಜಾನ್ ಬ್ರೌನ್ ಯಾರ್ಡಿನಲ್ಲಿ ಕಟ್ಟಿ 1942ರಲ್ಲಿ ನೀರಿಗಿಳಿಸಿದ್ದು. ಮರಕ್ಕೆ ಗರಗಸ ಇಡುವ ಮೊದಲು ಒಂದು ವಿಷಯ ಇತ್ಯರ್ಥವಾಗಲಿ: ನೀವು ಮಾಡುವುದು ಬ್ರಿಟಿಷರ ಕೈಯಲ್ಲಿದ್ದ 1942ರ ಹಡಗೋ, ಭಾರತದ 1971ರದೋ? ಯುದ್ಧಕಾಲದಲ್ಲಿ ರೇಡಾರ್, ಸಣ್ಣ ತೋಪು, ಬಣ್ಣ ಎಲ್ಲ ಬದಲಾಗುತ್ತಲೇ ಇದ್ದವು. 1942ರ ಬಣ್ಣದ ಮೇಲೆ ಭಾರತೀಯ ನಂಬರು ಬರೆದರೆ ಅಂಥ ಹಡಗು ಯಾವತ್ತೂ ಇರಲಿಲ್ಲ. ಒಂದು ವರ್ಷ ಗೊತ್ತುಮಾಡಿ, ಆ ವರ್ಷದ ಫೋಟೋದಲ್ಲಿ ಕಂಡದ್ದನ್ನು ಮಾತ್ರ ಮಾಡಿ. ಇಲ್ಲಿ ಹೇಳುವುದು 1942ರ ರೂಪಕ್ಕೆ, ಅಂದರೆ ರೊದರ್‌ಹ್ಯಾಮ್ ಆಗಿದ್ದಾಗಿನದಕ್ಕೆ: 4.7 ಇಂಚಿನ ನಾಲ್ಕು ಒಂಟಿ ತೋಪು, ನಾಲ್ಕು ನಾಳದ ಎರಡು ಟಾರ್ಪಿಡೋ ಸೆಟ್.

ಹಡಗಿನ ಉದ್ದ ಸುಮಾರು 109 ಮೀಟರ್, ಅಗಲ 10.9 ಮೀಟರ್. 1:200ರಲ್ಲಿ, ಅಂದರೆ ಇನ್ನೂರರಲ್ಲೊಂದು ಅಳತೆಯಲ್ಲಿ, ಉದ್ದ ಸುಮಾರು 545 ಮಿ.ಮೀ., ಅಗಲ 54.5 ಮಿ.ಮೀ. ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದರೆ ಉದ್ದ, ಅಗಲ ಎರಡನ್ನೂ ಸ್ಕೇಲಿನಲ್ಲಿ ಅಳೆಯಿರಿ. ಕಾಗದ ಓಡುವ ದಿಕ್ಕಿನಲ್ಲಿ ಮಾತ್ರ ಚಿತ್ರ ಒಂದೆರಡು ಮಿ.ಮೀ. ಎಳೆದುಕೊಂಡಿರುವುದುಂಟು. ಅದು ಇಲ್ಲಿ ಗೊತ್ತಾಗದಿದ್ದರೆ ಡೆಕ್ ಕೂರಿಸುವಾಗ ಗೊತ್ತಾಗುತ್ತದೆ.

ಒಡಲಿಗೆ ಶಿವನೆ ಮರ ಒಳ್ಳೆಯದು. ಹಗುರ, ಕೆತ್ತಲು ಸುಲಭ, ಒಣಗಿದ ಮೇಲೆ ಹೆಚ್ಚು ಅಲ್ಲಾಡುವುದಿಲ್ಲ. ಹಾಲೆ ಮರ ಅಗ್ಗವಾದರೂ ಉಜ್ಜಿದಷ್ಟೂ ಜುಂಗು ಏಳುತ್ತದೆ. ಹಲಗೆಯನ್ನು ಫ್ಯಾನಿನ ಕೋಣೆಯಲ್ಲಿಟ್ಟು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸತತ ಮೂರು ವಾರ ತೂಕ ಇಳಿಯದಿದ್ದರೆ ಮಾತ್ರ ಬಳಸಿ. ಜುಲೈಯಲ್ಲಿ ಕೆತ್ತಿದ ಒಡಲು ಫೆಬ್ರವರಿಯಲ್ಲಿ ಕುಗ್ಗಿ, ಅಂಟಿನ ಗೆರೆಗಳು ಬಣ್ಣದಡಿಯಿಂದ ಎದ್ದು ಕಾಣುತ್ತವೆ. ಮಂಗಳೂರು–ಉಡುಪಿಯಲ್ಲಿ ಮಾದರಿಗಳು ಹಾಳಾಗುವುದಕ್ಕೆ ಮುಖ್ಯ ಕಾರಣ ಇದೇ.

ಹಲಗೆಯನ್ನು 5 ಮಿ.ಮೀ. ದಪ್ಪಕ್ಕೆ ಹೆರೆಸಿಕೊಳ್ಳಿ. 1:200ರಲ್ಲಿ 5 ಮಿ.ಮೀ. ಎಂದರೆ ಸರಿಯಾಗಿ ಒಂದು ಮೀಟರ್. ನಕ್ಷೆಯಲ್ಲಿ ಮೀಟರಿಗೊಂದು ಅಡ್ಡಗೆರೆ ಎಳೆದು, ಆಯಾ ಮಟ್ಟದ ಆಕಾರವನ್ನು ಆಯಾ ಹಲಗೆಯಲ್ಲಿ ಕೊರೆದು, ಒಂದರ ಮೇಲೊಂದು ಜೋಡಿಸುವುದು. ಜಾರದಂತೆ ಎರಡು ಬಿದಿರಿನ ಗೂಟ ಕೊಡಿ. ಕಬ್ಬಿಣದ ಮೊಳೆ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಬಣ್ಣದ ಮೇಲೆ ಕಂದು ಕಲೆ ಬಿಡುತ್ತದೆ. ನೀರು ತಡೆಯುವ ಫೆವಿಕಾಲ್ ಹಾಕಿ ಕ್ಲ್ಯಾಂಪ್ ಬಿಗಿದು ಪೂರ್ತಿ ಒಂದು ದಿನ ಬಿಡಿ, ಮಳೆಗಾಲವಾದರೆ ಮೂರು ದಿನ.

ಕೆತ್ತನೆಯಲ್ಲಿ ಎಲ್ಲರೂ ಎಡವುವುದು ಮೂತಿಯಲ್ಲಿ. ಡೆಸ್ಟ್ರಾಯರಿನ ಮೂತಿ ನೀರಿನ ಮಟ್ಟದಲ್ಲಿ ಕತ್ತಿಯಂತೆ ಸಪೂರ, ಮೇಲೆ ಹೋದಂತೆ ಹೊರಕ್ಕೆ ಅರಳುತ್ತದೆ. ಉಜ್ಜುವ ಕೈ ತಾನಾಗಿಯೇ ಆ ಒಳಬಾಗನ್ನು ನೇರ ಮಾಡಿಬಿಡುತ್ತದೆ, ಆಗ ಹಡಗು ದೋಣಿಯಾಗುತ್ತದೆ. ಹಳೆಯ ಎಕ್ಸ್-ರೇ ಹಾಳೆಯಲ್ಲಿ ಇಪ್ಪತ್ತು ಅಡ್ಡಕೊಯ್ತದ ಅಚ್ಚು ಕತ್ತರಿಸಿ. ಅಚ್ಚಿನ ಅಂಚಿಗೆ ನೀಲಿ ಚಾಕ್ ಸವರಿ ಮರಕ್ಕೆ ಒತ್ತಿ: ನೀಲಿ ಹತ್ತಿದ ಜಾಗ ಉಬ್ಬು, ಅಲ್ಲಿ ಮಾತ್ರ ತೆಗೆಯಿರಿ. ಅಂಚಿನುದ್ದಕ್ಕೂ ನೀಲಿ ಹತ್ತುವವರೆಗೆ ಇದೇ ಕೆಲಸ. ಒಳಬಾಗಿಗೆ ಪೆನ್ಸಿಲ್ಲಿಗೆ ಸುತ್ತಿದ 150ರ ಪಾಲಿಷ್ ಪೇಪರ್, ಆಮೇಲೆ 240, 400. ತಗ್ಗಿಗೆ ಪುಟ್ಟಿಯನ್ನು ಒಂದೇ ಸಲ ದಪ್ಪಗೆ ತುಂಬಬೇಡಿ, ತಿಂಗಳ ನಂತರ ಕುಸಿಯುತ್ತದೆ.

ಇನ್ನು ತೋಪು. 4.7 ಇಂಚು ಎಂದರೆ 120 ಮಿ.ಮೀ. ಬಾಯಿ, ನಮ್ಮ ಅಳತೆಗೆ 0.6 ಮಿ.ಮೀ. ಮೆಡಿಕಲ್ ಶಾಪಿನ 20 ಗೇಜ್ ಇಂಜೆಕ್ಷನ್ ಸೂಜಿಯ ಒಳವ್ಯಾಸವೂ 0.6 ಮಿ.ಮೀ.; ಸ್ಟೇನ್‌ಲೆಸ್ ಆದ್ದರಿಂದ ತುಕ್ಕಿನ ಚಿಂತೆಯಿಲ್ಲ. ಇಷ್ಟು ಕರಾರುವಾಕ್ಕಾದ ನಳಿಗೆ ಬೇರೆಲ್ಲೂ ಇಷ್ಟು ಸುಲಭಕ್ಕೆ ಸಿಗದು. ಒಂದೂವರೆ ಇಂಚಿನ ಹೊಸ ಸೂಜಿ ತಂದು ಮೊನೆ ತೆಗೆದು 27 ಮಿ.ಮೀ.ಗೆ ಕತ್ತರಿಸಿ. ಇಕ್ಕಳದಲ್ಲಿ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ, ಅರದಿಂದ ಸುತ್ತಲೂ ಗೀರಿ ಮುರಿಯಿರಿ. ಬುಡ ದಪ್ಪವಾಗಲು ತ್ರಿಕೋನದ ತೆಳು ಕಾಗದವನ್ನು ಅಂಟು ಸವರಿ ಸುತ್ತಿ. ತೋಪಿನ ಗುರಾಣಿಗೆ ತಂಪು ಪಾನೀಯದ ಡಬ್ಬಿಯ ತಗಡು ಸಾಕು, 0.1 ಮಿ.ಮೀ. ಇರುತ್ತದೆ, ಮೇಲಿನ ಬಣ್ಣ ಉಜ್ಜಿ ತೆಗೆಯದಿದ್ದರೆ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ. ಟಾರ್ಪಿಡೋ ನಾಳಕ್ಕೆ 3 ಮಿ.ಮೀ. ಹಿತ್ತಾಳೆ ಕೊಳವೆ, ಒಟ್ಟು ಎಂಟು. ಬಾಲ್‌ಪೆನ್ ರಿಫಿಲ್ ಅಳತೆಗೆ ಸರಿಹೋದರೂ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಕಟಕಟೆಯ ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 42 ಗೇಜಿನ ತಾಮ್ರದ ತಂತಿ ಕೇಳಿ, 0.1 ಮಿ.ಮೀ. ಇರುತ್ತದೆ. ಮಲ್ಪೆಯಲ್ಲಿ ಸುಲಭಕ್ಕೆ ಸಿಗುವ 0.2 ಮಿ.ಮೀ. ಗಾಳದ ನೈಲಾನ್ ದಾರ ಕಣ್ಣಿಗೆ ಸಪೂರ, ಆದರೆ 200ರಿಂದ ಗುಣಿಸಿದರೆ 4 ಸೆಂ.ಮೀ. ದಪ್ಪದ ಹಗ್ಗ. ಪ್ರತಿ ಬಿಡಿಭಾಗವನ್ನೂ ಹೀಗೆ ಗುಣಿಸಿ ನೋಡಿ; ಡೆಸ್ಟ್ರಾಯರ್ ಮಾದರಿ ಕೆಡುವುದು ಯಾವಾಗಲೂ ದಪ್ಪದಿಂದಲೇ. ಕಬ್ಬಿಣದ ಹಡಗಿನ ಬಾಗಿಲು, ಏಣಿ, ಕಟಕಟೆ ಮನುಷ್ಯನ ಎದುರು ಎಷ್ಟು ದೊಡ್ಡವು ಎಂಬ ಅಂದಾಜಿಗೆ ಕಾರವಾರದ ಯುದ್ಧನೌಕಾ ಮ್ಯೂಸಿಯಂನ ಐಎನ್‌ಎಸ್ ಚಪಲ್ ನೋಡಿಬನ್ನಿ. ಅದು ಕ್ಷಿಪಣಿ ದೋಣಿ, ಆಕಾರ ಬೇರೆ. ಆದರೂ ಉಕ್ಕಿನ ಬಾಗಿಲನ್ನು ಕೈಯಿಂದ ಮುಟ್ಟಿ ನೋಡಿದ ಅಂದಾಜು ಫೋಟೋದಿಂದ ಬರುವುದಿಲ್ಲ.

ಡೆಕ್ಕಿನ ಮೇಲೆ ಮರದ ಹಲಗೆಯ ಗೆರೆ ಎಳೆಯಬೇಡಿ, ಈ ಹಡಗುಗಳದು ಉಕ್ಕಿನ ಡೆಕ್. ಬದಿಯ ತಗಡುಗಳ ಅಂಚು ಕಾಣಿಸಬೇಕೆಂದರೆ ಟೇಪ್ ಅಂಟಿಸಿ ಒಂದು ಕೋಟ್ ಪ್ರೈಮರ್ ಹೆಚ್ಚಿಗೆ ಹೊಡೆದು ಟೇಪ್ ಎಬ್ಬಿಸಿ. ಆ ಮೆಟ್ಟಿಲೇ ಸಾಕು.

ಬಣ್ಣಕ್ಕೆ ಡಿಸೆಂಬರಿನಿಂದ ಫೆಬ್ರವರಿ, ಬೆಳಗ್ಗೆ ಹನ್ನೊಂದರ ನಂತರ. ತೇವದ ದಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂತು ಬಿಳಿ ಮಂಜು ಕವಿಯುತ್ತದೆ. ಹಾಗಾದರೆ ಒಣ ದಿನ ನೋಡಿ ರಿಟಾರ್ಡರ್ ಥಿನ್ನರನ್ನು (ನಿಧಾನಕ್ಕೆ ಆರುವ ಥಿನ್ನರ್) ತೆಳ್ಳಗೆ ಹೊಡೆಯಿರಿ, ಹೆಚ್ಚಿನ ಸಲ ಮಂಜು ಬಿಡುತ್ತದೆ. ಫೆವಿಕ್ವಿಕ್ ಕೂಡ ಸುತ್ತ ಬಿಳಿ ಪುಡಿ ಬಿಡುತ್ತದೆ. ಸೂಜಿ ಮೊನೆಯಷ್ಟೇ ಹಾಕಿ, ಫ್ಯಾನಿನ ಗಾಳಿ ಆಡುತ್ತಿರಲಿ.

ಮುಗಿದ ಮಾದರಿಗೆ ಗಾಜಿನ ಪೆಟ್ಟಿಗೆ ಬೇಕೇ ಬೇಕು. ಗಾಜು ಅಂಟಿಸಲು ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆವಿಗೆ ತಾಮ್ರ, ಹಿತ್ತಾಳೆ ಹಸಿರುಗಟ್ಟುತ್ತವೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಪೀಠದ ಅಡಿಯಲ್ಲಿ ಸಿಲಿಕಾ ಜೆಲ್‌ಗೆ ಸಣ್ಣ ಡ್ರಾಯರ್ ಇಟ್ಟರೆ, ಮಳೆಗಾಲದಲ್ಲಿ ಹಡಗನ್ನು ಮುಟ್ಟದೆಯೇ ಪೊಟ್ಟಣ ಬದಲಿಸಬಹುದು.