ಅಹವಾಲು ಸಭೆಗೆ ಬುತ್ತಿ ಕಟ್ಟಿಕೊಂಡು ಹೋಗಿ

ನಮ್ಮೂರ ಪಕ್ಕ ಕಾರ್ಖಾನೆ ಬರುತ್ತದೆಂದು ಪರಿಸರ ಅಹವಾಲು ಸಭೆ ಕರೆದಾಗ ನಾವು ನಾನೂರು ಜನ ಹೋಗಿದ್ದೆವು. ಧಿಕ್ಕಾರ ಕೂಗಿದೆವು, ಊಟದ ಹೊತ್ತಿಗೆ ಎದ್ದು ಮನೆಗೆ ಬಂದೆವು. ಸಂಜೆ ನಡವಳಿ, ಅಂದರೆ ಸಭೆಯಲ್ಲಿ ಆಡಿದ ಮಾತುಗಳ ದಾಖಲೆ, ಓದುವಾಗ ಶಾಮಿಯಾನದಡಿ ಉಳಿದಿದ್ದವರು ಆರೇಳು ಮಂದಿ. ಆಮೇಲೆ ಪ್ರತಿ ತರಿಸಿ ನೋಡಿದರೆ ನಮ್ಮ ಕೆರೆಯ ಹೆಸರೇ ಇಲ್ಲ, ಗ್ರಾಮಸ್ಥರು ಉದ್ಯೋಗ ಕೇಳಿದರೆಂದು ಬರೆದಿತ್ತು. ಆ ಸಂಕಟ ಇನ್ನೂ ಆರಿಲ್ಲ. ಅಂದಿನಿಂದ ಸುತ್ತಲ ಯಾವ ಹಳ್ಳಿಯಲ್ಲಿ ಸಭೆಯಿದ್ದರೂ ವಾರ ಮೊದಲೇ ಹೋಗಿ ಹೆಂಗಸರ ಜೊತೆ ಕೂತು ಅರ್ಜಿ ಬರೆಸುತ್ತೇನೆ.

ಮೊದಲು ಪತ್ರಿಕಾ ಪ್ರಕಟಣೆ ಕತ್ತರಿಸಿ ಇಟ್ಟುಕೊಳ್ಳಿ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ ಸಭೆಗೆ ಮುಂಚೆ ಕನಿಷ್ಠ 30 ದಿನ ಕೊಡಬೇಕು. ದಿನ ಕಡಿಮೆಯಿದ್ದರೆ ನಿಮ್ಮ ಅರ್ಜಿಯ ಮೊದಲ ಸಾಲು ಅದೇ.

ಯೋಜನೆಯ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಪೂರ್ತಿ ಓದಲಾಗದಿದ್ದರೆ ನೀರು ಮತ್ತು ಜಮೀನಿನ ಭಾಗವನ್ನಾದರೂ ಓದಿಸಿ. ನಾನು ನೋಡಿದ ಒಂದು ವರದಿಯಲ್ಲಿ ಬಂಜರು ಎಂದು ಬರೆದಿದ್ದ ಜಾಗ ನಮ್ಮ ಕುರಿ ಮೇಯುವ ಗೋಮಾಳ. ಇಂಥದ್ದು ಊರಿನವರ ಕಣ್ಣಿಗೇ ಬೀಳುವುದು. ಸರ್ವೆ ನಂಬರ್, ಬೋರಿನ ಆಳ, ಹಳ್ಳ ಹರಿಯುವ ದಿಕ್ಕು ಎಲ್ಲ ಬರೆದುಕೊಳ್ಳಿ. ಅರ್ಜಿ ಎರಡು ಪ್ರತಿ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸದೆ ಬರಬೇಡಿ.

ಸಭೆಗೆ ಕೋರಂ, ಅಂದರೆ ಇಷ್ಟು ಜನ ಇರಲೇಬೇಕೆಂಬ ನಿಯಮ, ಇಲ್ಲ. ಬಹಿಷ್ಕರಿಸಿದರೆ ಸಭೆ ರದ್ದಾಗುವುದಿಲ್ಲ, ನಮ್ಮ ಮಾತಷ್ಟೇ ತಪ್ಪಿಹೋಗುತ್ತದೆ. ಮೈಕ್ ಹಿಡಿದ ಕೂಡಲೇ ಹೆಸರು, ಊರು ಹೇಳಿ. ಇಡೀ ಸಭೆಯ ವಿಡಿಯೋ ಆಗಬೇಕೆಂಬುದು ನಿಯಮ. ಪಹಣಿ ಇಲ್ಲದ ಕೂಲಿಯವರನ್ನು, ಕಾಲೊನಿಯ ಹೆಣ್ಣುಮಕ್ಕಳನ್ನು ‘ನಿನಗೆಲ್ಲಿದೆ ಜಮೀನು?’ ಎಂದು ಕೂರಿಸಿಬಿಡುವುದನ್ನು ಕಂಡಿದ್ದೇನೆ. ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವ ಅವಕಾಶ ಕೊಡಬೇಕೆಂದು ಅದೇ ಅಧಿಸೂಚನೆಯಲ್ಲಿದೆ. ಅವರನ್ನೇ ಮೊದಲು ಮಾತಾಡಿಸಿ. ಹಳ್ಳದ ನೀರು ಕೆಟ್ಟರೆ ಮೊದಲು ಬಿಂದಿಗೆ ಹೊತ್ತು ದೂರ ನಡೆಯುವವರು ಅವರೇ.

ರೊಟ್ಟಿ, ನೀರು ಕಟ್ಟಿಕೊಂಡು ಹೋಗಿ, ಕೊನೆಯವರೆಗೂ ಕೂರಿ. ನಡವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಿ, ಅಧ್ಯಕ್ಷತೆ ವಹಿಸಿದ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ಅಂದೇ ಸಹಿ ಹಾಕಬೇಕು. ಬಿಟ್ಟುಹೋದ ಮಾತನ್ನು ಸಹಿಗೆ ಮುಂಚೆ ಎದ್ದು ನಿಂತು ಸೇರಿಸಿ.

ಆಮೇಲೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ವಿಡಿಯೋ, ನಡವಳಿ ಎರಡೂ ತರಿಸಿ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದ ದಾಟಬಾರದು. ಯೋಜನೆಗೆ ಪರಿಸರ ಅನುಮತಿ ಸಿಕ್ಕೇಬಿಟ್ಟರೆ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಒಪ್ಪಬಹುದು. ವಕೀಲರು ಕೇಳುವುದು ಸೀಲಿರುವ ಆ ಪ್ರತಿಗಳನ್ನೇ. ಅವನ್ನು ಒಬ್ಬರ ಮನೆಯಲ್ಲಷ್ಟೇ ಇಡಬೇಡಿ.