ವಲಸೆ ಮಾನವ ಹಕ್ಕಾ ಅಂತ ಯೂನಿವರ್ಸಿಟಿ ಸ್ಟೂಡೆಂಟ್ಸ್‌ನ ಕೇಳಿದ್ದು ಹೇಗೆ: ನನ್ನ ಅನುಭವ

"ವಲಸೆ ಹೋಗೋದು ಮಾನವ ಹಕ್ಕಾ?" ಅಂತ ನೇರವಾಗಿ ಕೇಳಿದ್ರೆ ಹೆಚ್ಚಿನ ಸ್ಟೂಡೆಂಟ್ಸ್ ಹೌದು ಅಂತ ಟಿಕ್ ಹಾಕಿ ಮುಂದೆ ಹೋಗ್ತಾರೆ, ಆ ಹೌದನ್ನ ಇಟ್ಕೊಂಡು ಏನೂ ತಿಳ್ಕೊಳ್ಳೋಕಾಗಲ್ಲ. ಅದಕ್ಕೇ ನನ್ನ ಸರ್ವೆಗೆ ಪ್ರಶ್ನಾವಳಿ ಮಾಡೋವಾಗ ಆ ಪ್ರಶ್ನೇನ ಹಾಗೇ ಇಡ್ಲಿಲ್ಲ, ಬಿಡಿಸಿ ಬೇರೆ ಬೇರೆ ಹೇಳಿಕೆ ಮಾಡ್ದೆ.

ಹೇಗೆ ಬಿಡಿಸ್ಬೇಕು ಅನ್ನೋದು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಓದಿದ್ರೆ ಹೊಳೆಯುತ್ತೆ. 13ನೇ ವಿಧಿ ಪ್ರಕಾರ ಯಾರು ಬೇಕಾದ್ರೂ ಯಾವ ದೇಶಾನಾದ್ರೂ ಬಿಟ್ಟು ಹೋಗ್ಬಹುದು, ತನ್ನ ದೇಶಕ್ಕೆ ವಾಪಸ್ ಬರ್ಬಹುದು, ಆದ್ರೆ ಇನ್ನೊಂದು ದೇಶದ ಒಳಗೆ ಕಾಲಿಡೋ ಹಕ್ಕು ಅದ್ರಲ್ಲಿ ಇಲ್ಲ. 14ನೇ ವಿಧೀಲಿ ಕಿರುಕುಳದಿಂದ ತಪ್ಪಿಸ್ಕೊಂಡು ಬಂದೋರು ಆಶ್ರಯ ಕೇಳ್ಬಹುದು ಅಂತಿದೆ, 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಅಂಥೋರನ್ನ ಅಪಾಯ ಇರೋ ಕಡೆಗೇ ವಾಪಸ್ ದಬ್ಬಬಾರ್ದು ಅನ್ನುತ್ತೆ. ಕೆಲಸ ಹುಡುಕ್ಕೊಂಡು ಹೋದೋರಿಗೆ 1990ರ ವಲಸೆ ಕಾರ್ಮಿಕರ ಒಪ್ಪಂದ ಇದೆ, 2003ರಲ್ಲಿ ಜಾರಿಗೆ ಬಂತು, ಅದೂ ಒಳಗೆ ಬಂದ್ಮೇಲಿನ ಹಕ್ಕುಗಳ ಬಗ್ಗೆ ಮಾತಾಡುತ್ತೇ ಹೊರತು ಬರೋ ಹಕ್ಕು ಕೊಡಲ್ಲ. ಹಾಗಾಗಿ ನನ್ನ ಹೇಳಿಕೆಗಳು ಹೊರಡೋದು, ಒಳಗೆ ಬರೋದು, ಆಶ್ರಯ, ಬಂದ್ಮೇಲೆ ಬದುಕೋದು ಅಂತ ನಾಲ್ಕು ಗುಂಪಾದ್ವು. ಪ್ರತಿ ಗುಂಪಲ್ಲೂ ಒಂದೆರಡು ಹೇಳಿಕೆ ಉಲ್ಟಾ, ಅಂದ್ರೆ ಹಕ್ಕಿಲ್ಲ ಅನ್ನೋ ಅರ್ಥ ಬರೋ ಹಾಗೆ ಬರೆದೆ, ಯಾಕಂದ್ರೆ ಕಣ್ಣು ಮುಚ್ಕೊಂಡು ಎಲ್ಲದಕ್ಕೂ "ಒಪ್ತೀನಿ" ಅನ್ನೋರು ಯಾವ ಕ್ಲಾಸಲ್ಲೂ ಇರ್ತಾರೆ.

ಪ್ರತಿ ಹೇಳಿಕೆಗೂ "ಒಪ್ತೀನಿ"ಯಿಂದ "ಒಪ್ಪಲ್ಲ"ವರೆಗಿನ ಅಂಕಗಳ ಸಾಲಲ್ಲಿ ಮಧ್ಯದ "ತಟಸ್ಥ" ಅನ್ನೋ ಆಯ್ಕೆ ಜೊತೆಗೆ "ಇದ್ರ ಬಗ್ಗೆ ಯೋಚ್ನೆ ಮಾಡಿಲ್ಲ" ಅಂತ ಬೇರೇನೇ ಒಂದು ಬಾಕ್ಸ್ ಕೊಟ್ಟೆ. ಎರಡೂ ಕಡೆ ತೂಗಿ ನೋಡಿ ಮಧ್ಯದಲ್ಲಿ ನಿಂತೋರೂ ವಿಷಯಾನೇ ಗೊತ್ತಿಲ್ದೋರೂ ಒಂದೇ ಅಂತ ಲೆಕ್ಕ ಹಾಕೋದು ಸ್ಟೂಡೆಂಟ್ಸ್‌ಗೆ ಮಾಡೋ ಅನ್ಯಾಯ ಅಂತ ನಾನು ನಂಬ್ತೀನಿ.

ಇನ್ನೊಂದು ಕೆಲಸ ತುಂಬಾ ಫಲ ಕೊಡ್ತು. ಅರ್ಧ ಜನಕ್ಕೆ "ಕೆಲಸಕ್ಕಾಗಿ ನಾನು ಬೇರೆ ದೇಶಕ್ಕೆ ಹೋಗಿ ನೆಲೆಸೋದು ನನ್ನ ಹಕ್ಕು" ಅನ್ನೋ ಫಾರಂ, ಉಳಿದ ಅರ್ಧಕ್ಕೆ "ಬೇರೆ ದೇಶದೋರು ಕೆಲಸಕ್ಕಾಗಿ ನಮ್ಮ ದೇಶಕ್ಕೆ ಬಂದು ನೆಲೆಸೋದು ಅವರ ಹಕ್ಕು" ಅನ್ನೋ ಫಾರಂ, ಯಾರಿಗೆ ಯಾವ್ದು ಅನ್ನೋದು ಚೀಟಿ ಎತ್ತಿದ ಹಾಗೆ. ಮೊದಲನೇದಕ್ಕೆ ಒಪ್ಪಿಗೆ ಸಲೀಸಾಗಿ ಬಂತು, ಎರಡನೇದಕ್ಕೆ ಕೈ ತಡೀತು, ಪಕ್ಕದ ಖಾಲಿ ಜಾಗದಲ್ಲಿ "ಆದ್ರೆ", "ಕಾನೂನು ಪ್ರಕಾರ ಬಂದ್ರೆ", "ಇಲ್ಲಿನೋರಿಗೆ ಕೆಲಸ ಸಿಕ್ಕಿದ ಮೇಲೆ" ಅಂತೆಲ್ಲ ಬರೆದಿದ್ರು. ನನಗೆ ಅಂಕಗಳಿಗಿಂತ ಆ ಸಣ್ಣ ಅಕ್ಷರದ ಸಾಲುಗಳೇ ಮುಖ್ಯ ಅನ್ಸಿದ್ವು, ನಿಜವಾದ ಯೋಚ್ನೆ ಇದ್ದದ್ದು ಅಲ್ಲಿ.

ಆಮೇಲೆ ಇಷ್ಟ ಇದ್ದೋರನ್ನ ಸಣ್ಣ ಗುಂಪುಗಳಲ್ಲಿ ಕೂರಿಸಿ ಮಾತಾಡಿಸ್ದೆ. ಒಬ್ಬ ಹುಡುಗ ಪ್ರತಿ ದೇಶಕ್ಕೂ ಯಾರನ್ನ ಸೇರಿಸ್ಕೋಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ಇರ್ಲೇಬೇಕು ಅಂತ ವಾದ ಮಾಡ್ದ, ಒಳ್ಳೇ ವಾದಾನೇ. ಎದುರಿಗೆ ಕೂತಿದ್ದ ಹುಡುಗಿ ಕೇಳಿದ್ಲು, "ಹೊರಗೆ ಹೋಗೋಕೆ ಹಕ್ಕಿದೆ ಅಂತೀರ, ಯಾವ ದೇಶಾನೂ ಬಾಗ್ಲು ತೆಗೀದೇ ಇದ್ರೆ ಆ ಹಕ್ಕು ತಗೊಂಡು ನಾನು ಎಲ್ಲಿಗೆ ಹೋಗ್ಲಿ ಮೇಡಂ?" ಇಬ್ರೂ ಫಾರಂ ತುಂಬಿದ್ದೋರೇ, ಯಾರ ಫಾರಂ ಯಾವ್ದು ಅಂತ ನನಗೆ ಗೊತ್ತಿಲ್ಲ, ಗೊತ್ತಾಗ್ಬಾರ್ದು ಅಂತಾನೇ ಹೆಸರು ಕೇಳಿರ್ಲಿಲ್ಲ. ಒಳಗೆ ಬರೋ ವಿಷಯದಲ್ಲಿ ಹೀಗೆ ಕಿತ್ತಾಡ್ದೋರೇ, ಬಂದೋರ ಮಕ್ಕಳಿಗೆ ಸ್ಕೂಲು, ಕಾಯಿಲೆ ಬಿದ್ದೋರಿಗೆ ಚಿಕಿತ್ಸೆ ಅನ್ನೋ ವಿಷಯಕ್ಕೆ ಬಂದಾಗ, ದಾಖಲೆ ಇಲ್ದೇ ಇದ್ರೂ ಕೊಡ್ಲೇಬೇಕು ಅಂತ ಒಂದೇ ಕಡೆ ನಿಂತ್ರು.

ಅದಕ್ಕೇ ಎಲ್ಲಾ ಹೇಳಿಕೆಗಳ ಅಂಕ ಕೂಡಿಸಿ ಒಂದು ಸರಾಸರಿ ತೆಗೆದು "ಸ್ಟೂಡೆಂಟ್ಸ್ ವಲಸೆ ಪರ" ಅಥವಾ "ವಿರೋಧ" ಅಂತ ಬರೆಯೋದನ್ನ ನಾನು ಮಾಡ್ಲಿಲ್ಲ, ಗುಂಪು ಗುಂಪಾಗೇ ವರದಿ ಮಾಡ್ದೆ. ನೀವು ಮಾಡೋದಾದ್ರೆ ಮಾರ್ಕ್ಸ್ ಹಾಕೋ ಟೀಚರ್ ಕೈಯಲ್ಲಿ ಫಾರಂ ಹಂಚಿಸ್ಬೇಡಿ, ಅವರಿಗೆ ಇಷ್ಟ ಆಗೋ ಉತ್ತರಾನೇ ಬರುತ್ತೆ. ಆಶ್ರಯದ ಹೇಳಿಕೆ ಮೊದಲೇ ಬಂದ್ರೆ ಮನಸ್ಸು ಕರಗಿ ಮುಂದಿನ ಉತ್ತರ ಮೆತ್ತಗಾಗಬಹುದು, ಹಾಗಾಗಿ ಕ್ರಮ ಕಲಸಿ. ಮನೇಲಿ ಯಾರಾದ್ರೂ ಹೊರದೇಶದಲ್ಲಿ ಇದಾರಾ ಅನ್ನೋ ಕಾಲಂ ಮಾತ್ರ ಮರೀದೇ ಕಟ್ಟಕಡೇಲಿ ಇಡಿ.